ಗುಡಾರ ಕಿತ್ತ ಚಳಿಗಾಲ

ಕಳೆದ ತಿಂಗಳು ಗೆಳತಿಯ ಮಗಳ ನಾಮಕರಣಕ್ಕೆಂದು ತಾಳಿಕೋಟೆಗೆ ಹೋಗಿದ್ದೆ. ಮನೆಯ ಮುಂದೆ ಶಾಮಿಯಾನದವರು ಪೆಂಡಾಲು ಹಾಕುತ್ತಿದ್ದರು. ಸುತ್ತಿಟ್ಟ ತಾಡಪತ್ರಿಯೊಂದನ್ನು ಒಬ್ಬ ಕಾಲಿನಿಂದ ಒದ್ದು ಬಿಚ್ಚಿದ. ಎಂದೋ ಹಸಿಯಾಗಿದ್ದಾಗಲೇ ಮಡಚಿಟ್ಟದ್ದಿರಬೇಕು, ಗಪ್ಪೆಂದು ಬೂಷ್ಟಿನ ವಾಸನೆ ಬಂತು. ಬೇರೆಯವರು ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಹತ್ತಿರ ಹೋಗಿ ಆ ಮನುಷ್ಯನ ಮೇಲೆ ರೇಗಿಬಿಟ್ಟೆ.

“ಹಸೀದ ಯಾಕ ಮಡಚಿಟ್ರಿ? ಒಣಗಿಸಿ ಇಡಬೇಕಂತ ಗೊತ್ತಿಲ್ಲೇನು?”

ಅವನು ಒಂದು ಕ್ಷಣ ನನ್ನನ್ನೇ ನೋಡಿದ. “ತಾಡಪತ್ರಿ ನಂದ್ರಿ ಅಕ್ಕಾರ. ನಿಮ್ಮದೇನ ಹೋತು?”

ಅವನು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನನ್ನದೇನು ಹೋಯಿತು ಎಂದು ಹೇಳಬೇಕಾದರೆ ಐದು ವರ್ಷ ಹಿಂದಕ್ಕೆ, ತಂಗಡಗಿಯ ಆಚೆ ಹೊಳೆದಂಡೆಯ ಮೇಲೆ ನಾನು ಕಳೆದ ಒಂದು ಹಂಗಾಮಿಗೆ ಹೋಗಬೇಕು.

ಆಗ ನಾನು ಸಿಂದಗಿಯ ಒಂದು ಕಾಲೇಜಿನಲ್ಲಿ ಮೂರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, ನಾಲ್ಕನೆಯ ವರ್ಷ ಕರೆ ಬಾರದೆ ಇಂಡಿ ಊರಿನ ನಮ್ಮ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಅಪ್ಪನದು ನಿಂಬೆಹಣ್ಣಿನ ವ್ಯಾಪಾರ. ಮುಂಜಾನೆಯಿಂದ ಸಂಜೆಯವರೆಗೆ ದೊಡ್ಡದು, ಸಣ್ಣದು, ಹಣ್ಣು, ಕಾಯಿ ಎಂದು ನಿಂಬೆ ಆರಿಸುವುದರಲ್ಲಿ ಅಪ್ಪನಿಗೆ ಕೈ ಜೋಡಿಸಿ ಜೋಡಿಸಿ ನನ್ನ ಬೆರಳೆಲ್ಲ ಹಳದಿಯಾಗಿದ್ದವು. ಅಷ್ಟರಲ್ಲಿ ಪ್ರವಾಸಿ ಶಿಬಿರಗಳನ್ನು ನಡೆಸುವ ಬೆಂಗಳೂರಿನ ಒಂದು ಕಂಪನಿಯವರು ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಗುಡಾರಗಳ ಶಿಬಿರ ತೆರೆಯುತ್ತಾರೆಂದೂ, ಅದನ್ನು ನೋಡಿಕೊಳ್ಳಲು ಈ ಭಾಗದವರೇ ಬೇಕೆಂದೂ ಸುದ್ದಿ ಬಂತು. ಅರ್ಜಿ ಹಾಕಿದೆ. ಸಿಕ್ಕಿತು. “ಬಟ್ಟಿ ಗುಡಾರದಾಗ ಹೆಣ್ಣಮಗಳು ಒಬ್ಬಾಕಿನ ಹೆಂಗ ಇರ್ತೀ?” ಎಂದು ಅಪ್ಪ ಕೇಳಿದ. “ಇದ್ದು ತೋರಸ್ತೇನಿ” ಎಂದು ಹೊರಟುಬಿಟ್ಟೆ.

ಹೊಳೆ ತುಂಬಿ ದಂಡೆಗೆ ನೀರು ಬಂದು ನಿಲ್ಲುವುದು ಶ್ರಾವಣದಲ್ಲಿ. ಆಗ ಶಿಬಿರ ಶುರು. ಹಿಂಗಾರಿ ಬೆಳೆಗೆ ಕಾಲುವೆ ಬಿಟ್ಟರೆಂದರೆ ನೀರು ಹಿಂದೆ ಸರಿಯುತ್ತದೆ, ದಂಡೆಯೆಲ್ಲ ಕೆಸರಾಗುತ್ತದೆ. ಚಳಿಗಾಲ ಕಾಲಿಡುವ ಹೊತ್ತಿಗೆ ಎಲ್ಲವನ್ನೂ ಕಿತ್ತು ಮುದ್ದೇಬಿಹಾಳದ ಗೋದಾಮಿಗೆ ಸಾಗಿಸಬೇಕು. ಮುಂದಿನ ಶ್ರಾವಣಕ್ಕೆ ಮತ್ತೆ ಹಾಕಬೇಕು. ಹನ್ನೆರಡು ಗುಡಾರ, ಒಂದು ಅಡುಗೆಮನೆ, ಎರಡು ದೋಣಿ, ಇಷ್ಟೇ ನಮ್ಮ ಸಂಸಾರ.

ಸಂಸಾರ ನಡೆಸಿದವರು ನನ್ನನ್ನು ಬಿಟ್ಟರೆ ಇಬ್ಬರು. ದೋಣಿ ನಡೆಸುವ ಯಮನಪ್ಪ, ಐವತ್ತೈದರ ಆಸುಪಾಸಿನವನು, ತಲೆಮಾರುಗಳಿಂದ ಮೀನು ಹಿಡಿಯುವ ಮನೆತನ. ಮಾತು ಕಡಿಮೆ. ಹೊಳೆಯನ್ನು ನೋಡಿಯೇ ಇವತ್ತು ಗಾಳಿ ಎಷ್ಟು ಹೊತ್ತಿಗೆ ಏಳುತ್ತದೆಂದು ಹೇಳುತ್ತಿದ್ದ. ಇನ್ನೊಬ್ಬಳು ಅಡುಗೆಯ ಗುರುಬಾಯಿ. ಬಸವನ ಬಾಗೇವಾಡಿಯಲ್ಲಿ ಖಾನಾವಳಿಯೊಂದರಲ್ಲಿ ಹತ್ತು ವರ್ಷ ರೊಟ್ಟಿ ಬಡಿದು, ಅಲ್ಲಿಯ ಮಾಲೀಕನೊಂದಿಗೆ ಜಗಳಾಡಿ ಬಿಟ್ಟುಬಂದವಳು. ಅವಳ ಮಾತು ಅವಳ ರೊಟ್ಟಿಗಿಂತ ಬಿಸಿ. ಶಾಲೆಯ ಮಕ್ಕಳು ಬಸ್ಸು ತುಂಬ ಬಂದರೂ ಅವಳ ಒಲೆಯ ಮುಂದೆ ಗದ್ದಲವಿರುತ್ತಿರಲಿಲ್ಲ. ಇನ್ನೊಂದು ಹಂಗಾಮು ಇಲ್ಲಿಯೇ ಇದ್ದರೆ ನನ್ನದೂ ಒಂದು ಅಡುಗೆಮನೆ ಅಂತ ಆಗುತ್ತದೆ ಎಂದು ಅವಳು ಆಗಾಗ ಹೇಳುತ್ತಿದ್ದಳು.

ಮೂರು ತಿಂಗಳು ಚೆನ್ನಾಗಿಯೇ ಹೋದವು. ಆ ಮೂರು ತಿಂಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ನನಗೆ ನೆನಪಾಗುವುದೆಲ್ಲ ಕಡೆಯ ಹದಿನೈದು ದಿನ.

ಶಿಬಿರ ಮುಚ್ಚುವುದಕ್ಕೆ ಕಂಪನಿಯವರು ಒಂದು ಪಟ್ಟಿ ಕಳಿಸಿದ್ದರು. ಅವರ ಬೇರೆ ಶಿಬಿರಗಳು ಹಿಮಾಲಯದ ಕಡೆ ಇದ್ದವು. ಪಟ್ಟಿ ಅಲ್ಲಿಗೆ ಬರೆದದ್ದು, ಹೆಸರು ಮಾತ್ರ ಬದಲಾಯಿಸಿ ನಮಗೆ ಕಳಿಸಿದ್ದರು. ನಲ್ಲಿಯ ಪೈಪುಗಳಲ್ಲಿ ನೀರು ಹೆಪ್ಪುಗಟ್ಟದಂತೆ ಖಾಲಿ ಮಾಡಬೇಕು, ಚಾವಣಿಯ ಮೇಲೆ ಬೀಳುವ ಹಿಮದ ಭಾರಕ್ಕೆ ಆಸರೆ ಕೊಡಬೇಕು ಎಂದೆಲ್ಲ ಇತ್ತು. ನಾನು ಅದನ್ನು ಕನ್ನಡ ಮಾಡಿ ಓದಿ ಹೇಳಿದಾಗ ಗುರುಬಾಯಿ ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡು ನಿಂತಳು.

“ಇಲ್ಲಿ ಯಾವ ನೀರ ಗಡ್ಡಿ ಆಗತೈತ್ರಿ ಅಕ್ಕಾರ? ನಡು ಮಧ್ಯಾಹ್ನ ಬಂದು ಇಲ್ಲಿ ಬರಿಗಾಲಲೆ ನಿಂದ್ರಂತ ಹೇಳ್ರಿ ಅವಗ.”

ಅವನು ಎಂದರೆ ಪ್ರಸನ್ನ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಫೋನಿನಲ್ಲಿ ನಮ್ಮನ್ನು ನಡೆಸುತ್ತಿದ್ದವನು. ಅವನು ನಮ್ಮ ಹೊಳೆಯನ್ನು ಕಣ್ಣಿನಿಂದ ಕಂಡಿದ್ದೇ ಇಲ್ಲ. ಪಟ್ಟಿಯ ಪ್ರತಿಯೊಂದು ಬಾಬಿಗೂ ಫೋಟೋ ತೆಗೆದು ಕಳಿಸಬೇಕೆಂದು ಅವನ ತಾಕೀತು. ಹಿಮದ ಬಾಬಿಗೂ. ನಾನು ಉರಿಬಿಸಿಲಿನಲ್ಲಿ ಅಡುಗೆಮನೆಯ ತಗಡಿನ ಕೆಳಗೆ ಎರಡು ಕಂಬ ಕೊಟ್ಟು, ಫೋಟೋ ತೆಗೆದು ಕಳಿಸಿದೆ. “ಸೂಪರ್ ಮೇಡಂ” ಎಂದು ಉತ್ತರ ಬಂತು.

ಮುಚ್ಚುವ ಕೆಲಸ ಶುರುವಾದ ಎರಡನೆಯ ದಿನ ಯಮನಪ್ಪ ನನ್ನ ಗುಡಾರದ ಮುಂದೆ ಬಂದು ನಿಂತ. ತಾನಾಗಿ ಬಂದು ಮಾತಾಡುವವನಲ್ಲ.

“ಮೇಡಂ, ಕಾಲುವಿಗೆ ನೀರ ಬಿಟ್ಟಾರ. ಹೊಳಿ ಇಳ್ಯಾಕತ್ತೈತಿ. ಇವತ್ತ ನಾಳಿ ಎರಡೂ ದೋಣಿ ದಂಡಿಗಿ ಎಳಿಬೇಕು. ಇನ್ನ ನಾಕ ದಿನ ತಡದ್ರ ರಾಡ್ಯಾಗ ಕುಂದ್ರತಾವ.”

“ಅಷ್ಟ ಲಗೂ ಇಳೀತೈತೇನು?”

“ನೀರ ಯಾರನೂ ಕೇಳಿ ಇಳ್ಯಾಂಗಿಲ್ರಿ.”

ನಾನು ಪ್ರಸನ್ನನಿಗೆ ಫೋನು ಹಚ್ಚಿದೆ. ಅವನು ನಕ್ಕ. “ಅಯ್ಯೋ, ಈಗ್ಲೇ ಯಾಕೆ ತೆಗೀತೀರ? ಭಾನುವಾರ ಒಂದು ದೊಡ್ಡ ಗ್ರೂಪ್ ಬರ್ತಾ ಇದೆ. ಲಾಸ್ಟ್ ಬೋಟಿಂಗ್ ಅಂತ ಹೇಳೇ ಬುಕ್ ಮಾಡಿದ್ದಾರೆ. ಅವರು ಹೋದಮೇಲೆ ಎಳ್ಕೊಳಿ. ಒಂದು ವಾರದಲ್ಲಿ ನದಿ ಎಲ್ಲಿಗೆ ಹೋಗುತ್ತೆ?”

ಸಣ್ಣ ದೋಣಿಯನ್ನಾದರೂ ಎಳೆಯೋಣ ಎಂದೆ. ಅದಕ್ಕೆ ಒಪ್ಪಿದ. ಅಂದೇ ಸಂಜೆ ಅದನ್ನು ಎಳೆದು ದಂಡೆಯ ಮೇಲೆ ಬೋರಲು ಹಾಕಿದೆವು. ದೊಡ್ಡದು ನೀರಿನಲ್ಲೇ ಉಳಿಯಿತು. ಯಮನಪ್ಪ ದಿನಾ ಮುಂಜಾನೆ ಬಂದು ನೀರಿನ ಅಂಚಿಗೆ ಒಂದು ಜಾಲಿಯ ಗೂಟ ಬಡಿಯುತ್ತಿದ್ದ. ಮರುದಿನ ಹೋಗಿ ನೋಡಿದರೆ ಗೂಟ ಒಣನೆಲದಲ್ಲಿ ನಿಂತಿರುತ್ತಿತ್ತು, ಅಂಚು ಇನ್ನೂ ಎಂಟು ಹೆಜ್ಜೆ ಆಚೆ. ಅವನು ಮತ್ತೊಂದು ಬಡಿಯುತ್ತಿದ್ದ. ನನಗೆ ಅವು ಕಣ್ಣಿಗೆ ಚುಚ್ಚುತ್ತಿದ್ದವು. ಬೇಕೆಂದೇ ಆ ಕಡೆ ಹೋಗುವುದನ್ನು ಬಿಟ್ಟೆ.

ಗುರುವಾರ ಮೋಡ ಕವಿಯಿತು. ಎಲ್ಲೋ ಸಮುದ್ರದಲ್ಲಿ ವಾಯುಭಾರ ಕುಸಿದಿದೆಯಂತೆ, ನಮ್ಮ ಕಡೆ ಎರಡು ದಿನ ಜಿಟಿಜಿಟಿ. ತೊಗರಿ ಕಾಯಿಕಟ್ಟಿದ ಕಾಲ, ರೈತರೆಲ್ಲ ಆಕಾಶವನ್ನು ಬೈಯುತ್ತಿದ್ದರು. ನಾನೂ ಬೈದೆ. ಅರ್ಧ ಬಿಚ್ಚಿದ ಗುಡಾರಗಳೆಲ್ಲ ನೆನೆದು ತೊಪ್ಪೆಯಾದವು. ಎರೆಮಣ್ಣು ಎಂದರೆ ಗೊತ್ತಲ್ಲ, ಒಂದು ಹನಿ ಬಿದ್ದರೆ ಸಾಕು, ಚಪ್ಪಲಿಗೆ ಎರಡೆರಡು ಸೇರು ಅಂಟಿಕೊಂಡು ಬರುತ್ತದೆ. ಒಂದು ಗುಡಾರ ಮಡಚಲು ಹೋದರೆ ಅದರ ಮೈಗೆಲ್ಲ ಮಣ್ಣು. ತೊಳೆದರೆ ಮತ್ತೆ ಹಸಿ. ಹಸಿಯಾದದ್ದನ್ನು ಮಡಚಬಾರದೆಂದು ಪಟ್ಟಿ ಹೇಳುತ್ತದೆ. ಬುಧವಾರ ಲಾರಿ ಬರುತ್ತದೆ, ಅಷ್ಟರೊಳಗೆ ಎಲ್ಲ ಸಿದ್ಧವಿರಬೇಕೆಂದೂ ಅದೇ ಪಟ್ಟಿ ಹೇಳುತ್ತದೆ. ಹಾಸಿಗೆಗಳನ್ನು ಬೇವಿನ ಸೊಪ್ಪಿನ ಜೊತೆ ಕಟ್ಟಿ ಮಂಚದ ಮೇಲೆ ಒಟ್ಟಿದ್ದೆವು. ಆ ಮಂಚಗಳ ಕೆಳಗೂ ನೀರು ಬಂತು.

ಶನಿವಾರ ಮಧ್ಯಾಹ್ನ ಪ್ರಸನ್ನನ ಮೆಸೇಜು ಬಂತು. ‘ಭಾನುವಾರದ ಗ್ರೂಪ್ ಕ್ಯಾನ್ಸಲ್. ಮಳೆ ಅಂತೆ. ನೀವು ಬೋಟ್ ತೆಗೆದುಬಿಡಿ.’

ಓದಿ ಓಡಿದೆ. ಯಮನಪ್ಪನ ಗೂಟಗಳು ಸಾಲಾಗಿ ನಿಂತಿದ್ದವು, ಕೆಸರು ಆಳವಾದಲ್ಲಿ ಅವನು ಬಡಿಯುವುದನ್ನು ನಿಲ್ಲಿಸಿದ್ದ. ಕಡೆಯ ಗೂಟದಿಂದಲೂ ಎಷ್ಟೋ ಆಚೆ, ಕರಿಗೆಸರಿನ ನಡುವೆ, ದೊಡ್ಡ ದೋಣಿ ಒಂದು ಮಗ್ಗುಲಾಗಿ ಕುಳಿತಿತ್ತು. ನೀರು ಅದನ್ನೂ ದಾಟಿ ಹಿಂದೆ ಹೋಗಿತ್ತು. ಬೆಳ್ಳಕ್ಕಿಗಳು ಅದರ ಅಂಚಿನ ಮೇಲೆ ಕುಳಿತಿದ್ದವು.

“ಎಳೀಬೌದೇನು?” ಎಂದು ಯಮನಪ್ಪನನ್ನು ಕೇಳಿದೆ.

“ಮ್ಯಾಲಷ್ಟ ಗಟ್ಟಿ ಕಾಣತೈತ್ರಿ. ಒಳಗ ಪೂರಾ ಹಸಿ. ಕಾಲಿಟ್ರ ತಳಾ ಸಿಗೂದಿಲ್ಲ. ಬಿಟ್ಟ ಬಿಡ್ರಿ. ಅದಕ್ಕೇನ ಆಗೂದಿಲ್ಲ.”

ಬಿಟ್ಟುಬಿಡುವುದು ಹೇಗೆ? ಅದು ಗೋದಾಮಿಗೆ ಹೋಗಬೇಕಾದ ವಸ್ತು. ನನ್ನ ಕೈಯಲ್ಲಿ ಕೊಟ್ಟ ಮೊದಲ ಜವಾಬ್ದಾರಿ.

ಭಾನುವಾರ ಬಿಸಿಲು ಬಿತ್ತು. ಗುರುಬಾಯಿ ಊರಿನ ಶಾಲೆಯ ಹೆಡ್‌ಮಾಸ್ತರರನ್ನು ಕೇಳಿ ಶಾಲೆಯ ಕಂಪೌಂಡಿನ ಬೀಗ ತೆಗೆಸಿದಳು. ಹನ್ನೆರಡೂ ಗುಡಾರಗಳನ್ನು ಅಲ್ಲಿಗೆ ಹೊತ್ತೊಯ್ದು ಗೋಡೆಯ ಮೇಲೆ, ಧ್ವಜಕಟ್ಟೆಯ ಮೇಲೆ, ಹಂಚಿನ ಮೇಲೆ ಹರವಿದಳು. ಊರಿನ ಹೆಂಗಸರು ಕೈ ಹಚ್ಚಿದರು. ಪಟ್ಟಿಯಲ್ಲಿ ಇಲ್ಲದ ಈ ಒಂದು ಕೆಲಸ ಮಾತ್ರ ಸರಿಯಾಗಿ ಆಯಿತು. ಅದರ ಫೋಟೋ ತೆಗೆಯಲು ನನಗೆ ನೆನಪೇ ಆಗಲಿಲ್ಲ.

ಸೋಮವಾರ ಟ್ರ್ಯಾಕ್ಟರ್ ತರಿಸಿದೆ. ದೋಣಿಯವರೆಗೆ ಹಗ್ಗ ಒಯ್ಯುವುದೇ ಕಷ್ಟದ ಕೆಲಸ. ಯಮನಪ್ಪ ಒಂದು ಉಪಾಯ ಮಾಡಿದ. ಗುಡಾರಗಳ ಕೆಳಗೆ ಹಾಸುತ್ತಿದ್ದ ಹಲಗೆಗಳನ್ನು ತಂದು ಕೆಸರಿನ ಮೇಲೆ ಒಂದರ ಮುಂದೊಂದು ಇಡುತ್ತ, ಅವುಗಳ ಮೇಲೆ ಕುಳಿತು, ಮುಂದಿನದನ್ನು ಜಾರಿಸುತ್ತ ಹೊರಟ. ಒಂದೊಂದು ಹಲಗೆಗೂ ಬೀಡಿ ಸೇದುವಷ್ಟು ಹೊತ್ತು. ಟ್ರ್ಯಾಕ್ಟರಿನವನು ಗಡಿಯಾರ ನೋಡುತ್ತಿದ್ದ. ಇನ್ನೂ ಹದಿನೈದು ಹೆಜ್ಜೆ ಉಳಿದಾಗ ಯಮನಪ್ಪ ಇನ್ನಷ್ಟು ಹಲಗೆ ತರಲೆಂದು ದಂಡೆಗೆ ವಾಪಸು ಬಂದ. ಅದೇ ಹೊತ್ತಿಗೆ ಪ್ರಸನ್ನನ ಫೋನು.

“ಮೇಡಂ, ಬೋಟ್ ಇನ್ನೂ ಅಲ್ಲೇ ಇದೆಯಂತೆ? ನಮ್ಮ ಪಟ್ಟೀಲಿ ಮೂವತ್ತೊಂದನೇ ಪಾಯಿಂಟ್ ನೋಡಿ. ನೀರು ಇಳಿಯೋ ಮುಂಚೆ ತೆಗೀಬೇಕು ಅಂತ ಕ್ಲಿಯರ್ ಆಗಿದೆ.”

“ನೀವೇ ಅಲ್ವಾ ಭಾನುವಾರದ ತನಕ ಇರಲಿ ಅಂದದ್ದು?”

“ನಾನು ಬುಕಿಂಗ್ ಬಗ್ಗೆ ಹೇಳಿದೆ. ಅಲ್ಲಿನ ಪರಿಸ್ಥಿತಿ ನೋಡ್ಕೊಂಡು ಡಿಸೈಡ್ ಮಾಡೋಕೆ ತಾನೆ ನಿಮ್ಮನ್ನ ಇಟ್ಟಿರೋದು?”

ನನಗೆ ಮೈಯೆಲ್ಲ ಉರಿಯಿತು. ಫೋನನ್ನು ಗುರುಬಾಯಿಯ ಕೈಗೆ ತುರುಕಿದೆ. ಹಗ್ಗದ ತುದಿಯನ್ನು ಎತ್ತಿಕೊಂಡು ಹಲಗೆಗಳ ಮೇಲೆ ನಡೆದೆ. ಹಿಂದಿನಿಂದ ಯಮನಪ್ಪ ಕೂಗುತ್ತಿದ್ದ. “ಮೇಡಂ, ನಿಂದರ್ರಿ! ಹಲಗಿ ಸಾಲಂಗಿಲ್ಲ, ನಿಂದರ್ರಿ!” ಕೇಳಿಸಿತು. ಕೇಳಿಸಲಿಲ್ಲವೆಂದು ಸುಳ್ಳು ಹೇಳಲಾರೆ. ಹದಿನೈದು ಹೆಜ್ಜೆ ತಾನೆ ಅಂದುಕೊಂಡು ಕಡೆಯ ಹಲಗೆಯಿಂದ ಕೆಳಗಿಳಿದೆ.

ಮೂರನೆಯ ಹೆಜ್ಜೆಗೆ ಮೊಣಕಾಲು. ನಾಲ್ಕನೆಯ ಹೆಜ್ಜೆ ಇಡಲು ಕಾಲೇ ಬರಲಿಲ್ಲ. ಕಾಲು ಎತ್ತಲು ಒದ್ದಾಡಿದಷ್ಟೂ ತೊಡೆ, ಆಮೇಲೆ ಸೊಂಟ. ಮೇಲೆ ಬಿಸಿಲಿತ್ತು, ಕೆಳಗೆ ಆ ಕೆಸರು ಐಸಿನಂತೆ ತಣ್ಣಗಿತ್ತು. ಯಾರೋ ಕೆಳಗಿನಿಂದ ಎರಡೂ ಕಾಲನ್ನು ಹಿಡಿದುಕೊಂಡಂತಿತ್ತು.

ಯಮನಪ್ಪ ಹಲಗೆಗಳ ಮೇಲೆ ಹೊಟ್ಟೆಯಿಂದ ತೆವಳಿಕೊಂಡು ಬಂದ. ತನ್ನ ಜೊತೆಗೆ ಎರಡು ಹಲಗೆ ಎಳೆದುಕೊಂಡು ಬಂದಿದ್ದ. ಒಂದನ್ನು ನನ್ನ ಎದೆಯ ಮುಂದೆ ಹಾಕಿದ.

“ಇದರ ಮ್ಯಾಲ ಬೀಳ್ರಿ. ಒದ್ದಾಡಬ್ಯಾಡ್ರಿ. ಸುಮ್ಮ ಮಲಕೊಂಡಂಗ ಬೀಳ್ರಿ.”

ಬಿದ್ದೆ. ಅವನು ಹಗ್ಗವನ್ನು ನನ್ನ ಕಂಕುಳ ಕೆಳಗೆ ಸುತ್ತಿ ಗಂಟು ಹಾಕುತ್ತಿದ್ದ. ಅವನ ಬಲಗೈ ಇನ್ನೂ ಹಗ್ಗದೊಳಗೇ ಇತ್ತು. ದಂಡೆಯ ಮೇಲೆ ಟ್ರ್ಯಾಕ್ಟರಿನವನೂ ಗುರುಬಾಯಿಯೂ ಗಾಬರಿಯಲ್ಲಿ ಅವನ ಸನ್ನೆಗೂ ಕಾಯದೆ ಜಗ್ಗಿಬಿಟ್ಟರು. ನಾನು ಕೆಸರಿನಿಂದ ಕಿತ್ತುಬಂದೆ. ಯಮನಪ್ಪ ಒಮ್ಮೆ “ಯವ್ವಾ” ಎಂದ, ಅಷ್ಟೆ. ದಂಡೆಗೆ ಬಂದು ನೋಡಿದರೆ ಅವನ ಬಲಭುಜ ಇರಬೇಕಾದ ಜಾಗದಲ್ಲಿ ಇರಲಿಲ್ಲ.

ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ಭುಜವನ್ನು ಕೂರಿಸಿ ಕಟ್ಟಿದರು. ಎರಡು ತಿಂಗಳು ಆ ಕೈಯಿಂದ ಬಲೆ ಬೀಸಬಾರದು, ಹುಟ್ಟು ಹಾಕಬಾರದು ಎಂದರು. ಬಾಗಿಲಾಚೆಯ ಬೆಂಚಿನ ಮೇಲೆ ನಾನು ಕೆಸರು ಒಣಗಿ ಬಿರುಕುಬಿಟ್ಟ ಬಟ್ಟೆಯಲ್ಲೇ ಕುಳಿತಿದ್ದೆ. ನನ್ನ ಮೇಲೆ ಸಿಟ್ಟೋ, ಪ್ರಸನ್ನನ ಮೇಲೆ ಸಿಟ್ಟೋ ಗೊತ್ತಾಗುತ್ತಿರಲಿಲ್ಲ.

ಬುಧವಾರ ಲಾರಿ ಬಂತು. ಒಣಗಿದ ಗುಡಾರ, ಮಂಚ, ಹಾಸಿಗೆ, ಸಣ್ಣ ದೋಣಿ ಎಲ್ಲ ಹತ್ತಿಸಿದೆವು. ದಂಡೆಯ ಮೇಲೆ ಗುಡಾರವಿದ್ದ ಜಾಗಗಳಲ್ಲಿ ಹನ್ನೆರಡು ಬೋಳು ಚೌಕಗಳು ಉಳಿದವು. ಗುರುಬಾಯಿ ಒಲೆಯ ಬೂದಿ ಬಳಿದು ಗುಂಡಿಗೆ ಹಾಕಿದಳು, ಒಲೆ ಮಾತ್ರ ಒಡೆಯಲಿಲ್ಲ. “ಮುಂದಿನ ಶ್ರಾವಣಕ್ಕ ಮತ್ತ ಇದ ಒಲಿ” ಎಂದಳು.

ಇಂಡಿಗೆ ವಾಪಸು ಬಂದ ಮೇಲೆ ಕಚೇರಿಯಿಂದ ಒಂದು ವರದಿಯ ನಮೂನೆ ಬಂತು. ದೊಡ್ಡ ದೋಣಿ ಯಾಕೆ ಉಳಿಯಿತು, ಅಪಘಾತ ಹೇಗಾಯಿತು ಎಂಬುದಕ್ಕೆ ಉತ್ತರಗಳನ್ನು ಅವರೇ ತುಂಬಿದ್ದರು. ‘ದೋಣಿ ನಡೆಸುವವರು ಸಕಾಲದಲ್ಲಿ ಸೂಚನೆ ನೀಡದ ಕಾರಣ.’ ಕೆಳಗೆ ನನ್ನ ಸಹಿಗೆ ಜಾಗ. ಪ್ರಸನ್ನ ಫೋನು ಮಾಡಿ ಮೃದುವಾಗಿ ಹೇಳಿದ, “ಸುಮ್ನೆ ಒಂದು ಫಾರ್ಮಾಲಿಟಿ ಮೇಡಂ. ಅವರ ಮೇಲೆ ಯಾರೂ ಏನೂ ಆಕ್ಷನ್ ತಗೊಳಲ್ಲ. ನಿಮ್ಮನ್ನ ಮುಂದಿನ ಸೀಸನ್‌ಗೆ ಪರ್ಮನೆಂಟ್ ಮಾಡೋಕೆ ನಾನೇ ಹೇಳಿದೀನಿ.”

ನಾನು ಒಂದು ಗಂಟೆಯೂ ಯೋಚಿಸಲಿಲ್ಲ. ಆ ಸಾಲನ್ನು ಹೊಡೆದುಹಾಕಿ ಬೇರೆ ಹಾಳೆಯಲ್ಲಿ ಎಲ್ಲ ಬರೆದೆ. ಯಮನಪ್ಪ ಯಾವಾಗ ಎಚ್ಚರಿಸಿದ, ಕಚೇರಿ ಏನು ಹೇಳಿತು, ನಾನು ಯಾವ ಹಲಗೆಯಿಂದ ಕೆಳಗಿಳಿದೆ, ಯಾವುದನ್ನೂ ಮುಚ್ಚಿಡಲಿಲ್ಲ. ಕಳಿಸಿದ ದಿನ ಮೈ ಹಗುರವಾಗಿತ್ತು. ಆ ಇಡೀ ಹಂಗಾಮಿನಲ್ಲಿ ನಾನು ಯಾರನ್ನೂ ಕೇಳದೆ ಮಾಡಿದ ಒಂದೇ ಸರಿಯಾದ ಕೆಲಸವೆಂದು ಅನಿಸಿತ್ತು.

ಮೂರು ವಾರದ ನಂತರ ಎರಡು ಸಾಲಿನ ಪತ್ರ ಬಂತು. ಸ್ಥಳ ಸುರಕ್ಷಿತವಲ್ಲದ ಕಾರಣ ಕೃಷ್ಣಾ ಶಿಬಿರವನ್ನು ಕಾಯಂ ಆಗಿ ಮುಚ್ಚಲಾಗಿದೆ, ನನ್ನ ಸೇವೆಯ ಅಗತ್ಯವಿಲ್ಲ. ಗೋದಾಮಿನ ಸಾಮಾನು ಬೇರೆ ಕಡೆ ಹೋಗುತ್ತದೆ. ದೋಣಿಯ ಹೆಸರೇ ಅದರಲ್ಲಿ ಇರಲಿಲ್ಲ.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ನಾನೇ ಹೋದೆ. ಇಂಡಿಯಿಂದ ಮುದ್ದೇಬಿಹಾಳ, ಅಲ್ಲಿಂದ ತಂಗಡಗಿ. ಯಮನಪ್ಪನ ಮನೆಯ ಕಟ್ಟೆಯ ಮೇಲೆ ಅವನು ಎಡಗೈಯಿಂದ ಬಲೆಯ ಗಂಟು ಬಿಡಿಸುತ್ತ ಕುಳಿತಿದ್ದ. ಗುರುಬಾಯಿಗೂ ಹೇಳಿ ಕಳಿಸಿದ್ದೆ, ಅವಳೂ ಬಂದಿದ್ದಳು. ವರದಿಯ ವಿಷಯ, ಅದರಲ್ಲಿ ನಾನು ಬರೆದದ್ದು, ಬಂದ ಪತ್ರ ಎಲ್ಲ ಹೇಳಿದೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೇನೋ.

ಗುರುಬಾಯಿ ಎದ್ದು ನಿಂತಳು. “ಅಂದ್ರ ನಂದೂ ಕೆಲಸ ಹೋತು.”

“ಹೂಂ.”

“ನಿಮ್ಮ ಖರೇ ಬರದು ನೀವು ಮನಿಗಿ ಹ್ವಾದ್ರಿ. ಬಾಗೇವಾಡಿ ಖಾನಾವಳಿಗಿ ನಾ ಯಾ ಮಾರಿ ತಗೊಂಡ ಹೋಗ್ಲಿ?”

“ಯಮನಪ್ಪನ ಮ್ಯಾಲ ಸುಳ್ಳ ಹಾಕಾಕ ನನಗ ಮನಸ ಬರ್ಲಿಲ್ಲ ಗುರುಬಾಯಿ.”

ಯಮನಪ್ಪ ಬಲೆಯನ್ನು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ನೀವು ಬರದದ್ದು ತಪ್ಪಂತ ನಾ ಅನ್ನೂದಿಲ್ರಿ. ಆದ್ರ ನನ್ನ ಹೆಸರಿನ ಮಾತು ಅದು. ಸಹಿ ಹಾಕ್ಲೋ ಬ್ಯಾಡೋ ಅಂತ ನನಗೊಂದ ಮಾತ ಕೇಳಬೇಕಿತ್ತಿಲ್ಲ? ಕೇಳಿದ್ರ ಹಾಕ್ರಿ ಅಂತಿದ್ದೆ. ಅವರು ನನ್ನ ಹೆಸರ ಬರಕೊಂಡ ಏನ ಮಾಡ್ತಿದ್ರು? ಹೊಳಿ ಕಸಗೊತಿದ್ರೇನು? ಈಕೀಗಿ ಇನ್ನೊಂದ ವರ್ಸ ಒಲಿ ಉರೀತಿತ್ತು.”

ನಮ್ಮನ್ನು ಯಾರೂ ಕೇಳುವುದಿಲ್ಲ, ಇಲ್ಲಿಯವರ ಮಾತು ಯಾರಿಗೂ ಬೇಡ ಎಂದು ನಾಲ್ಕು ತಿಂಗಳು ಪ್ರಸನ್ನನನ್ನು ಬೈದವಳು ನಾನು. ಯಮನಪ್ಪನ ಹೆಸರು, ಗುರುಬಾಯಿಯ ಒಲೆ ಎರಡನ್ನೂ ಇಂಡಿಯ ಮನೆಯಲ್ಲಿ ಒಬ್ಬಳೇ ಕುಳಿತು ನಿರ್ಧರಿಸಿದ್ದೆ.

ಕಡೆಗೆ ಕೇಳಿದೆ, “ಈಗ ನಾ ಏನ ಮಾಡ್ಲಿ, ಹೇಳ್ರಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಗುರುಬಾಯಿ ಹೇಳಿದಳು, “ಆ ದೋಣಿ ರಾಡ್ಯಾಗ ಬಿದ್ದೈತೆಲ್ಲ, ಅದನ್ನ ನಮಗ ಕೊಡ್ರಿ ಅಂತ ಕಾಗದಾ ಬರೀರಿ. ಈತನ ಕೈ ಹೋಗೂ ಹಂಗ ಮಾಡೈತಿ ಅದು. ಈತ ಮಂದೀನ ಕುಂಡ್ರಿಸ್ಕೊಂಡ ಹೋಗ್ಲಿ, ನಾ ದಂಡಿ ಮ್ಯಾಲ ರೊಟ್ಟಿ ಮಾಡಿ ಹಾಕ್ತೇನಿ. ಗುಡಾರ ಯಾಕ ಬೇಕು?”

ಅಲ್ಲಿಯೇ ಕಟ್ಟೆಯ ಮೇಲೆ ಬರೆದೆ. ಒಂದೊಂದು ಸಾಲನ್ನೂ ಓದಿ ಹೇಳಿದೆ. ‘ದಯವಿಟ್ಟು’ ಎಂದು ಮೂರು ಕಡೆ ಹಾಕಿದ್ದೆ, ಎರಡನ್ನು ಗುರುಬಾಯಿ ತೆಗೆಸಿದಳು. ಯಮನಪ್ಪ ಹೆಬ್ಬೆಟ್ಟು ಒತ್ತಲಿಲ್ಲ, ಎಡಗೈಯಲ್ಲಿಯೇ ಸೊಟ್ಟಸೊಟ್ಟಾಗಿ ಪೂರ್ತಿ ಹೆಸರು ಬರೆದ. ಬಸ್ಸಿನ ಹೊತ್ತಾಗಿತ್ತು. ಕಾಗದವನ್ನು ಚೀಲಕ್ಕೆ ಹಾಕಿಕೊಂಡು, “ನಾಳೀನ ಕಳಸ್ತೇನಿ. ಉತ್ತರ ಬಂದ ಕೂಡ್ಲೆ ತಿಳಸ್ತೇನಿ, ಆಮ್ಯಾಲ ದೋಣಿ ಮುಟ್ರಿ” ಎಂದೆ.

“ಕಳಸೂದ ಕಳಸ್ರಿ” ಎಂದಳು ಗುರುಬಾಯಿ. “ಆದ್ರ ಅವರ ಉತ್ತರಾ ಬರೂತನಾ ಈ ಸಲ ನಾವು ಕಾಯೂದಿಲ್ಲ. ನೀರ ಬಂದು ದೋಣಿ ತೇಲಿದ ದಿನಾನ ತಗೋತೇವಿ.”

ಮುಂದಿನ ವರ್ಷ ಹೊಳೆಗೆ ನೀರು ಬೇಗ ಬಂತು. ಯಮನಪ್ಪ, ಗುರುಬಾಯಿ ದೋಣಿ ತೆಗೆದುಕೊಂಡರು.